2022ರ ಸೆಪ್ಟೆಂಬರ್ ನೆರೆ: ಟ್ರ್ಯಾಕ್ಟರ್ ಬರುವವರೆಗಿನ ಏಳು ಗಂಟೆಗಳು

ಸರ್ಜಾಪುರ ರಸ್ತೆ ನಿವಾಸಿ (ಚರ್ಚೆ ಆರಂಭಿಸಿದವರು)

2022ರ ಸೆಪ್ಟೆಂಬರ್ 4ರ ಭಾನುವಾರ ರಾತ್ರಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಇದ್ದವರಿಗೆ ಆ ಮಳೆಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಮರುದಿನ ಬೆಳಿಗ್ಗೆಯವರೆಗಿನ 24 ಗಂಟೆಗಳಲ್ಲಿ ನಗರದ ಹವಾಮಾನ ಕೇಂದ್ರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಇದಕ್ಕಿಂತ ದೊಡ್ಡ ಮಳೆಯನ್ನು ಈ ಊರು ಕಂಡಿಲ್ಲವೆಂದೇನೂ ಅಲ್ಲ. 1988ರ ಸೆಪ್ಟೆಂಬರ್ 12ರಂದು 177.6 ಮಿ.ಮೀ. ಸುರಿದಿತ್ತು. ಕೆರೆಯನ್ನು ಯಾರು ನುಂಗಿದರು, ರಾಜಕಾಲುವೆಯನ್ನು ಯಾರು ಮುಚ್ಚಿದರು ಎಂಬ ಚರ್ಚೆ ಪ್ರತಿ ಮಳೆಗಾಲದಲ್ಲೂ ನಡೆಯುತ್ತದೆ. ನೀರು ಮನೆಯೊಳಗೆ ಬಂದ ನಂತರ ಜನರನ್ನು ಹೊರತರುವ ಕೆಲಸ ಹೇಗೆ ನಡೆಯಿತು ಎಂಬುದರ ಬಗ್ಗೆ ಮಾತ್ರ ಯಾರೂ ಕುಳಿತು ಮಾತನಾಡಿದ್ದನ್ನು ನಾನು ಕಂಡಿಲ್ಲ. ಅದಕ್ಕಾಗಿಯೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನಮ್ಮ ಬಡಾವಣೆಯ ಕಾವಲುಗಾರ ಬಾಗಿಲು ಬಡಿದಾಗ ರಾತ್ರಿ ಒಂದೂವರೆ ಗಂಟೆ. ಕಾರುಗಳನ್ನು ಎತ್ತರಕ್ಕೆ ತಂದು ನಿಲ್ಲಿಸಿಕೊಳ್ಳಿ ಎಂದು ಹೇಳಲು ಅವನು ಬಂದಿದ್ದ, ಆದರೆ ಅವನು ಮಾತು ಮುಗಿಸುವಷ್ಟರಲ್ಲಿ ನೀರು ಮೆಟ್ಟಿಲಿನ ಎರಡನೆಯ ಹಂತಕ್ಕೆ ಬಂದಿತ್ತು. ಎರಡು ಗಂಟೆಗೆ ವಿದ್ಯುತ್ ಹೋಯಿತು. ನನ್ನ ತಾಯಿಗೆ ಆಗ 78 ವರ್ಷ, ಮನೆಯಲ್ಲಿ ಆಮ್ಲಜನಕದ ಯಂತ್ರದ ಮೇಲಿದ್ದರು. ಯಂತ್ರ ನಿಂತ ಮೇಲೆ ಉಳಿದದ್ದು ಒಂದು ಸಣ್ಣ ಸಿಲಿಂಡರ್. ಅದರ ಮುಳ್ಳನ್ನು ಮೊಬೈಲ್ ಬೆಳಕಿನಲ್ಲಿ ನೋಡುತ್ತಾ, ಸಹಾಯವಾಣಿಗೆ ಮೂರು ಬಾರಿ ಕರೆ ಮಾಡಿದೆ. ಮೂರು ಬಾರಿಯೂ ಬೇರೆ ಬೇರೆಯವರು ಮಾತನಾಡಿದರು, ಮೂರು ಬಾರಿಯೂ ವಿಳಾಸವನ್ನು ಮೊದಲಿನಿಂದ ಹೇಳಬೇಕಾಯಿತು. ದೂರು ದಾಖಲಾಗಿದೆ ಎಂಬ ಸಂದೇಶ ಬಂತು, ದೋಣಿ ಬರಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಪಕ್ಕದ ಹಳ್ಳಿಯ ಒಂದು ಟ್ರ್ಯಾಕ್ಟರ್ ಬಂತು. ತಾಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ಟ್ರೇಲರಿನ ಸರಳಿಗೆ ಅವರದೇ ಹತ್ತಿ ಸೀರೆಯಿಂದ ಬಿಗಿದು, ಸಿಲಿಂಡರನ್ನು ನಾನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ತಲೆಗೆ ನೂರು ರೂಪಾಯಿ ಎಂದು ಮೊದಲೇ ಹೇಳಿದ್ದ ಚಾಲಕ, ಇಳಿಯುವಾಗ ತಾಯಿಯದನ್ನು ತೆಗೆದುಕೊಳ್ಳಲಿಲ್ಲ. ಬುಧವಾರ ಮಧ್ಯಾಹ್ನ ನನ್ನ ಮೊಬೈಲಿಗೆ ಇನ್ನೊಂದು ಸಂದೇಶ ಬಂತು: ತಮ್ಮ ದೂರನ್ನು ಪರಿಹರಿಸಲಾಗಿದೆ.

ಆ ಏಳು ಗಂಟೆಗಳಲ್ಲಿ ಯಾರು ಎಲ್ಲಿರಬೇಕಾಗಿತ್ತು ಎಂಬುದು ನನ್ನ ಪ್ರಶ್ನೆ.

ನಿವೃತ್ತ ಅಭಿಯಂತರ

ತಮ್ಮ ತಾಯಿಯವರು ಸುರಕ್ಷಿತವಾಗಿ ಹೊರಬಂದದ್ದು ಸಮಾಧಾನದ ವಿಷಯ. ಆದರೆ ಕೆರೆ ಮತ್ತು ಕಾಲುವೆಗಳ ಮಾತನ್ನು ಬದಿಗಿಟ್ಟು ರಕ್ಷಣೆಯನ್ನು ಮಾತ್ರ ಚರ್ಚಿಸೋಣ ಎಂಬುದಕ್ಕೆ ನನ್ನ ಆಕ್ಷೇಪವಿದೆ, ಏಕೆಂದರೆ ದೋಣಿ ಎಲ್ಲಿಗೆ ಹೋಗಬೇಕು ಎಂಬುದನ್ನು ನಿರ್ಧರಿಸುವುದೇ ಕಾಲುವೆ.

ಬೆಂಗಳೂರು ಏಣಿನ, ಅಂದರೆ ಉದ್ದನೆಯ ದಿಣ್ಣೆಯ, ಮೇಲಿರುವ ಊರು. ಇಲ್ಲಿ ದಂಡೆ ಮೀರಿ ಹರಿಯುವ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿದು, ಒಂದು ಕೆರೆಯ ಕೋಡಿಯಿಂದ ಇನ್ನೊಂದಕ್ಕೆ ಹರಿದು ಊರಿನಿಂದ ಆಚೆ ಹೋಗುತ್ತದೆ. ಕೆ.ಆರ್. ಮಾರುಕಟ್ಟೆ ಪ್ರದೇಶದಲ್ಲಿ ಬಿದ್ದ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಗರದ ಮಳೆನೀರು ಕಾಲುವೆಗಳ ಬಗ್ಗೆ ಮಹಾಲೇಖಪಾಲರು (ಸಿಎಜಿ) ನೀಡಿ 2021ರಲ್ಲಿ ವಿಧಾನಮಂಡಲದ ಮುಂದೆ ಬಂದ ವರದಿಯು, ಹಿಂದಿನ ಶತಮಾನದ ಆರಂಭದ ನಕ್ಷೆಗಳಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆ ಜಾಲ 2016-17ರ ಹೊತ್ತಿಗೆ ಸುಮಾರು 63 ಕಿ.ಮೀ.ಗೆ ಇಳಿದಿತ್ತು ಎಂದು ತೋರಿಸಿದೆ. ಉಳಿದ 50 ಕಿ.ಮೀ. ಕಾಲುವೆ ಎಲ್ಲಿ ಹೋಯಿತು? ಅದು ಎಲ್ಲಿಗೂ ಹೋಗಿಲ್ಲ, ತಮ್ಮ ಹಾಗೂ ನಮ್ಮ ಮನೆಗಳ ಕೆಳಗಿದೆ. ನೀರಿಗೆ ಮಾತ್ರ ಹಳೆಯ ದಾರಿಯ ನೆನಪು ಹೋಗಿಲ್ಲ.

ಆ ವರ್ಷ ನೆಲವೂ ನೀರು ಕುಡಿದು ತುಂಬಿಹೋಗಿತ್ತು ಎಂಬುದನ್ನು ಸೇರಿಸಬೇಕು. 2022ರ ಒಟ್ಟು ಮಳೆ 2017ರ 1,696 ಮಿ.ಮೀ. ದಾಖಲೆಯನ್ನು ಅಕ್ಟೋಬರಿನಲ್ಲೇ ದಾಟಿತು. ಆಗಸ್ಟ್ 30ರಂದು ಹೊರವರ್ತುಲ ರಸ್ತೆ ಒಮ್ಮೆ ಮುಳುಗಿ ಎದ್ದಿತ್ತು. ಅಂದರೆ ಸೆಪ್ಟೆಂಬರ್ 4ರ ರಾತ್ರಿ ಎಲ್ಲಿ ನೀರು ನಿಲ್ಲುತ್ತದೆ ಎಂಬುದಕ್ಕೆ ಐದು ದಿನ ಮೊದಲೇ ಒಂದು ತಾಲೀಮು ನಡೆದಿತ್ತು, ಮತ್ತು ಯಾರೂ ಅದನ್ನು ತಾಲೀಮು ಎಂದು ಪರಿಗಣಿಸಲಿಲ್ಲ.

ರಕ್ಷಣಾ ವಾಹನದಲ್ಲಿದ್ದವನು

ನಾನು ಅಗ್ನಿಶಾಮಕ ಸೇವೆಯಲ್ಲಿ 28 ವರ್ಷ ಕಳೆದು ನಿವೃತ್ತನಾಗಿದ್ದೇನೆ. ದೋಣಿ ಬರಲಿಲ್ಲ ಎಂಬ ದೂರು ಓದಿದಾಗ ಮನಸ್ಸಿಗೆ ನೋವಾಗುತ್ತದೆ, ಆದರೆ ಅದು ಸುಳ್ಳು ಎಂದು ಹೇಳಲಾರೆ. ಏಕೆ ಬರುವುದಿಲ್ಲ ಎಂಬುದನ್ನು ಒಳಗಿನಿಂದ ನೋಡಿದವನಾಗಿ ಬರೆಯುತ್ತೇನೆ.

ಮೊದಲನೆಯದು ವಿಳಾಸ. ಈ ಭಾಗದಲ್ಲಿ ‘ಲೇಕ್’ ಎಂಬ ಪದವಿಲ್ಲದ ಅಪಾರ್ಟ್‌ಮೆಂಟ್ ಹುಡುಕುವುದೇ ಕಷ್ಟ. ನಾಲ್ಕನೇ ಅಡ್ಡರಸ್ತೆ ಎಂಬುದು ಪ್ರತಿ ಬಡಾವಣೆಯಲ್ಲೂ ಒಂದಿರುತ್ತದೆ. ಹಗಲಿನಲ್ಲಿ ಫಲಕ ನೋಡಿಕೊಂಡು ಹೋಗುವ ವಾಹನ, ರಾತ್ರಿ ವಿದ್ಯುತ್ ಇಲ್ಲದೆ, ಫಲಕ ಅರ್ಧ ಮುಳುಗಿರುವಾಗ ಯಾವ ತಿರುವು ಎಂದು ಹೇಗೆ ತಿಳಿಯಬೇಕು? ಅದೇ ಮನೆಯಿಂದ ಐದು ಜನ, ಮೂರು ಸಂಖ್ಯೆಗಳಿಗೆ ಕರೆ ಮಾಡಿರುತ್ತಾರೆ. 112 ಒಂದು ಕಡೆ, ಪಾಲಿಕೆಯ ಸಹಾಯವಾಣಿ ಇನ್ನೊಂದು ಕಡೆ, 101 ಮತ್ತೊಂದು ಕಡೆ. ಒಂದು ಪಟ್ಟಿಯಲ್ಲಿ ಹೊರತಂದಾಯಿತು ಎಂದು ಗೀಟು ಹಾಕಿದ ಮನೆ, ಇನ್ನೊಂದರಲ್ಲಿ ಕಾಯುತ್ತಲೇ ಇರುತ್ತದೆ.

ಎರಡನೆಯದು ದೋಣಿಯೇ. ಗಾಳಿ ತುಂಬುವ ರಬ್ಬರ್ ದೋಣಿಯನ್ನು ತಯಾರಿಸಿದ್ದು ತೆರೆದ ನೀರಿಗೆ. ನಗರದ ನೀರಿನ ಕೆಳಗೆ ಕಾಂಪೌಂಡಿನ ಮುಳ್ಳುತಂತಿ, ಗೇಟಿನ ಭರ್ಚಿ, ನಿಂತ ಕಾರಿನ ವೈಪರ್ ಇರುತ್ತವೆ. ಮೋಟಾರು ಹಾಕಿದರೆ ರೆಕ್ಕೆಗೆ ಪ್ಲಾಸ್ಟಿಕ್ ಸುತ್ತಿಕೊಳ್ಳುತ್ತದೆ. ಹಾಕದಿದ್ದರೆ ಹರಿವಿನ ವಿರುದ್ಧ ಹುಟ್ಟು ಹಾಕಲಾಗುವುದಿಲ್ಲ. ನಾವು ಹೆಚ್ಚಿನ ಸಂದರ್ಭಗಳಲ್ಲಿ ದೋಣಿಯನ್ನು ಎದೆಮಟ್ಟದ ನೀರಿನಲ್ಲಿ ನಡೆದು ಎಳೆದಿದ್ದೇವೆ, ಮುಂದೆ ಒಬ್ಬ ಬಿದಿರಿನ ಗಳದಿಂದ ನೆಲ ತಡಕುತ್ತಾ ಹೋಗುತ್ತಿದ್ದ. ಆ ಗಳಕ್ಕೆ ನೆಲ ಸಿಗದೆ ಒಳಗೆ ಇಳಿದರೆ ಅಲ್ಲಿ ಮ್ಯಾನ್‌ಹೋಲ್ ಇದೆ ಎಂದರ್ಥ. ರಭಸದಿಂದ ಹರಿಯುವ ನೀರು ಕಾಲಿನ ಮೀನಖಂಡ ದಾಟಿದರೆ ಗಟ್ಟಿಮುಟ್ಟಾದವನೂ ನಿಲ್ಲಲಾರ. ಎರಡು ಅಡಿ ಹರಿವು ಸಾಧಾರಣ ಕಾರನ್ನು ತೇಲಿಸಿಕೊಂಡು ಹೋಗಲು ಸಾಕು. ಮುಂಬೈನಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆಯಾದಾಗ, ಕಾರಿನ ಗಾಜು ಇಳಿಸಲಾಗದೆ ಒಳಗೇ ಉಸಿರುಗಟ್ಟಿ ಸತ್ತವರಿದ್ದಾರೆ. ನಮ್ಮಲ್ಲೇ 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ 22 ವರ್ಷದ ಹೆಣ್ಣುಮಗಳು ಪ್ರಾಣ ಕಳೆದುಕೊಂಡದ್ದು ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿ.

ಮೂರನೆಯದನ್ನು ಬರೆದರೆ ನನ್ನ ಹಳೆಯ ಸಹೋದ್ಯೋಗಿಗಳು ಬೇಸರ ಪಟ್ಟುಕೊಳ್ಳಬಹುದು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯಲ್ಲಿ ಕರ್ನಾಟಕ ಸೇರುವುದು 10ನೇ ತುಕಡಿಗೆ. ಅದರ ಕೇಂದ್ರ ಆಂಧ್ರದ ವಿಜಯವಾಡದ ಬಳಿ ಇದೆ. ಅವರು ಬಂದರೆ ಕೆಲಸ ಅಚ್ಚುಕಟ್ಟಾಗಿ ನಡೆಯುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಹೊರಗಿನಿಂದ ಬಂದ ಎಂತಹ ಪಡೆಗೂ ಮೊದಲ ಆರೇಳು ಗಂಟೆ ಸಿಗುವುದಿಲ್ಲ. ಆ ಅವಧಿಯಲ್ಲಿ ಇರುವವರು ಠಾಣೆಯ ಹುಡುಗರು, ಕಾವಲುಗಾರ, ಟ್ರ್ಯಾಕ್ಟರಿನವರು. ನಮ್ಮ ಯೋಜನೆಗಳಲ್ಲಿ ಈ ಕೊನೆಯ ಇಬ್ಬರ ಹೆಸರನ್ನು ನಾನು ಎಂದೂ ಕಂಡಿಲ್ಲ.

ಕೋಡಿಹಳ್ಳದವನು

ಟ್ರ್ಯಾಕ್ಟರಿನವರ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಆ ವಾರ ನಮ್ಮ ಮನೆಯ ಟ್ರ್ಯಾಕ್ಟರೂ ಓಡಿತ್ತು, ನಮ್ಮ ಚಿಕ್ಕಪ್ಪ ಓಡಿಸಿದರು.

ನೂರು, ಇನ್ನೂರು ಕೇಳಿದರೆಂದು ಪತ್ರಿಕೆಗಳಲ್ಲಿ ಬಂತು, ಸುಲಿಗೆ ಎಂದವರೂ ಇದ್ದಾರೆ. ಕೆಲವರು ಹೆಚ್ಚು ಕೇಳಿರಬಹುದು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಮೂರು ದಿನದ ನಂತರ ಹಿಂದಿನ ಆಕ್ಸಲಿನೊಳಗೆ ನೀರು ಸೇರಿ, ಗೇರ್ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿ, ಕ್ಲಚ್ ಪ್ಲೇಟ್ ಬದಲಾಯಿಸಬೇಕಾಯಿತು. ಆ ಖರ್ಚನ್ನು ಯಾವ ಇಲಾಖೆಯೂ ವಿಚಾರಿಸಲಿಲ್ಲ. ಟ್ರ್ಯಾಕ್ಟರ್ ಏಕೆ ಹೋಗುತ್ತದೆ, ಕಾರು ಏಕೆ ಹೋಗುವುದಿಲ್ಲ ಎಂದರೆ ಅದರ ಎಂಜಿನ್ ಮೇಲಿದೆ, ಹೊಗೆಕೊಳವೆ ಆಕಾಶ ನೋಡುತ್ತದೆ, ಹಿಂದಿನ ಚಕ್ರ ಆಳೆತ್ತರ. ಮೂರು ಅಡಿ ನೀರು ಅದಕ್ಕೆ ಗದ್ದೆಯ ಕೆಸರಿದ್ದಂತೆ.

ಇನ್ನೊಂದು ಕಾರಣವನ್ನು ಹೇಳಿದರೆ ತಾವು ನಗಬಹುದು. ನಮ್ಮ ಮುತ್ತಾತ ಕೆರೆಯ ನೀರುಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವುದು ಅವರ ಕೆಲಸವಾಗಿತ್ತು. ಗದ್ದೆ ಹೋಗಿ ಬಡಾವಣೆ ಬಂತು, ಆದರೆ ಕಾಲುವೆ ಎಲ್ಲಿ ಬಾಗುತ್ತಿತ್ತು ಎಂಬುದು ಮನೆಯಲ್ಲಿ ಮಾತಿನಲ್ಲಿ ಉಳಿದಿದೆ. ಅಂದು ರಸ್ತೆಯೂ ಕಾಲುವೆಯೂ ಒಂದೇ ಬಣ್ಣದ ನೀರಾಗಿದ್ದಾಗ, ಚಿಕ್ಕಪ್ಪ ಒಂದು ಹಳೆಯ ಹುಣಸೆ ಮರವನ್ನು ಎಡಕ್ಕೆ ಇಟ್ಟುಕೊಂಡು ಓಡಿಸಿದರು. ಮರದ ಬಲಗಡೆ ನೆಲ ಗಟ್ಟಿ, ಎಡಗಡೆ ಹನ್ನೆರಡು ಅಡಿ ಆಳದ ರಾಜಕಾಲುವೆ. ಹೊರಗಿನಿಂದ ಬಂದ ರಕ್ಷಣಾ ತಂಡದ ಒಂದು ಜೀಪನ್ನು ಆ ಮರದ ಬಳಿ ಚಿಕ್ಕಪ್ಪನೇ ಕೂಗಿ ನಿಲ್ಲಿಸಿದರು. ಆ ತಂಡದವರು ಮಧ್ಯಾಹ್ನದವರೆಗೂ ನಮ್ಮ ಟ್ರೇಲರಿನಲ್ಲೇ ಓಡಾಡಿದರು, ಹಗ್ಗ ಮತ್ತು ಜಾಕೆಟ್ ಅವರದು, ದಾರಿ ನಮ್ಮದು.

ತೆರಿಗೆದಾರ

ಇದೆಲ್ಲ ಕೇಳಲು ಹೃದಯಸ್ಪರ್ಶಿಯಾಗಿದೆ. ಆದರೆ ಆಸ್ತಿ ತೆರಿಗೆಯನ್ನು ವರ್ಷ ತಪ್ಪದೆ ಕಟ್ಟುವವನು ಹುಣಸೆ ಮರದ ಜ್ಞಾನವನ್ನು ನಂಬಿ ಬದುಕಬೇಕೇ? ಕಾವಲುಗಾರ, ಟ್ರ್ಯಾಕ್ಟರ್, ನೆರೆಹೊರೆ ಎಂದು ಹೊಗಳುತ್ತಾ ಹೋದರೆ ಹೊಣೆ ಹೊತ್ತವರಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಎಚ್ಚರಿಕೆ ಕೊಡುವ ವ್ಯವಸ್ಥೆಗೇ ಹಣ ಸುರಿಯಲಾಗಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ಉದ್ದಗಲಕ್ಕೂ ಇವೆ, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಾಧನಗಳಿವೆ, ‘ಮೇಘ ಸಂದೇಶ’ ಎಂಬ ಆ್ಯಪ್ ಕೂಡ ಇದೆ. ಇಷ್ಟಿದ್ದೂ ಮೊದಲ ಸೂಚನೆ ಬಂದದ್ದು ಬಾಗಿಲು ಬಡಿದ ಕಾವಲುಗಾರನಿಂದ ಎಂದರೆ ಏನರ್ಥ?

ಶೆಡ್ ಶಾಲೆಯ ಶಿಕ್ಷಕಿ

ತಾವು ಹೇಳಿದ ಆ ಕಾವಲುಗಾರ ಎಲ್ಲಿ ವಾಸವಾಗಿದ್ದ ಎಂದು ಯಾರಾದರೂ ಕೇಳಿದ್ದೀರಾ? ನಾನು ಕಟ್ಟಡ ಕಾರ್ಮಿಕರ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ. ಬಡಾವಣೆಯ ಗೋಡೆಯ ಆಚೆ, ಕಾಲುವೆಯ ಅಂಚಿನಲ್ಲೇ ತಗಡಿನ ಶೆಡ್ಡುಗಳಿದ್ದವು. ಟಿ.ವಿ. ಕ್ಯಾಮೆರಾಗಳು ಮುಳುಗಿದ ವಿದೇಶಿ ಕಾರುಗಳನ್ನು ತೋರಿಸಿದ ಅದೇ ಬೆಳಿಗ್ಗೆ ಆ ಶೆಡ್ಡುಗಳ ಮಂದಿ ಅರ್ಧ ಕಟ್ಟಿದ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಗೋಡೆಯಿಲ್ಲದ ಅಂಚಿನಿಂದ ದೂರಕ್ಕೆ ಮಕ್ಕಳನ್ನು ಕಂಬಕ್ಕೆ ಸೀರೆಯಿಂದ ಕಟ್ಟಿ ಕೂರಿಸಿಕೊಂಡಿದ್ದರು. ಸಹಾಯವಾಣಿಗೆ ಕರೆ ಮಾಡಲು ಅವರಿಗೆ ವಿಳಾಸವೇ ಇರಲಿಲ್ಲ. ಗುತ್ತಿಗೆದಾರನ ಹೆಸರು ಬಿಟ್ಟರೆ ಬೇರೆ ಗುರುತಿಲ್ಲ. ಅವರಲ್ಲಿ ಹೆಚ್ಚಿನವರು ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರು, ಕೆಲವರು ಬಂಗಾಳದವರು. ಕಲಬುರಗಿಯ ಒಬ್ಬ ತಾಯಿ ನನಗೆ ಆಮೇಲೆ ಹೇಳಿದ್ದು, ‘ಅಕ್ಕೋರೆ, ನಮ್ಮೂರಾಗ ಮಳಿ ಬರ್ಲಿಲ್ಲಂತ ಇಲ್ಲಿಗೆ ಬಂದೀವ್ರಿ’ ಎಂದು. ಆಕೆ ನಗುತ್ತಲೇ ಹೇಳಿದರು, ನನಗೆ ನಗು ಬರಲಿಲ್ಲ.

ಸುತ್ತ ನೀರಿದ್ದರೂ ಕುಡಿಯಲು ಒಂದು ಬಿಂದಿಗೆ ನೀರಿರಲಿಲ್ಲ. ಸಂಪುಗಳಿಗೆ ಚರಂಡಿ ನೀರು ಸೇರಿತ್ತು. ಅದೇ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೆ ನೆರೆ ನುಗ್ಗಿ ಕಾವೇರಿ ನೀರಿನ ಪೂರೈಕೆಯೂ ನಿಂತಿತು. ಟ್ಯಾಂಕರ್ ಕೊಳ್ಳಬಲ್ಲವರು ಕೊಂಡರು. ಹಾಗಾಗಿ ರಕ್ಷಣೆಯ ಪಟ್ಟಿಯನ್ನು ಯಾರೇ ಮಾಡಲಿ, ಗೋಡೆಯ ಒಳಗಿನವರದ್ದು ಮಾತ್ರ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಚೆನ್ನೈ ಕನ್ನಡಿಗ

ಮೂವತ್ತು ವರ್ಷದಿಂದ ಚೆನ್ನೈನ ವೇಳಚೇರಿಯ ಸುತ್ತಮುತ್ತ ಇದ್ದೇನೆ. 2015ರ ಡಿಸೆಂಬರ್ ನೆರೆಯನ್ನೂ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಮಳೆಯನ್ನೂ ಇಲ್ಲೇ ಕಂಡಿದ್ದೇನೆ. ರಾಷ್ಟ್ರೀಯ ಪಡೆಯ 4ನೇ ತುಕಡಿಯ ಕೇಂದ್ರ ಇಲ್ಲಿಂದ ಸುಮಾರು 70 ಕಿ.ಮೀ. ದೂರದ ಅರಕ್ಕೋಣಂನಲ್ಲೇ ಇದೆ, ನಿಮಗಿಂತ ನಾವು ಅದೃಷ್ಟವಂತರು. ಆದರೂ 2015ರಲ್ಲಿ ನಮ್ಮ ಬೀದಿಗೆ ಮೊದಲು ಬಂದದ್ದು ಮೀನುಗಾರರು, ಲಾರಿಯ ಮೇಲೆ ಫೈಬರ್ ದೋಣಿ ಹೇರಿಕೊಂಡು. 2018ರಲ್ಲಿ ಕೇರಳದ ಮಹಾಪೂರದಲ್ಲೂ ಮೀನುಗಾರರು ತಮ್ಮ ದೋಣಿಗಳನ್ನು ಹೀಗೆಯೇ ಒಳನಾಡಿಗೆ ಸಾಗಿಸಿ ಸಾವಿರಾರು ಜನರನ್ನು ಹೊರತಂದರು, ನಂತರ ಅಲ್ಲಿನ ಸರ್ಕಾರ ಅವರನ್ನು ಸಾರ್ವಜನಿಕವಾಗಿ ಗೌರವಿಸಿತು.

ತೆರಿಗೆದಾರರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನೆರೆಯವರ ನೆರವನ್ನೂ ಸರ್ಕಾರದ ಹೊಣೆಯನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಡುವುದು ಸರಿಯಲ್ಲ. ಮೀನುಗಾರನ ದೋಣಿಗೆ ಡೀಸೆಲ್, ದೋಣಿ ಒಡೆದರೆ ದುರಸ್ತಿಯ ಹಣ, ಅವನ ಜೀವಕ್ಕೆ ವಿಮೆ, ಯಾವ ಬೀದಿಗೆ ಹೋಗಬೇಕು ಎಂದು ಹೇಳುವ ಒಬ್ಬ ಅಧಿಕಾರಿ: ಇವನ್ನು ಒದಗಿಸುವುದೇ ಸರ್ಕಾರದ ಹೊಣೆ. ಅದು ಒದಗದಿದ್ದರೆ ಅವನು ಎರಡನೆಯ ಸಲ ಬರುವುದಿಲ್ಲ.

ಒಂದು ಸಣ್ಣ ವಿಷಯ. ಮಿಚಾಂಗ್ ಸಮಯದಲ್ಲಿ ನಮ್ಮ ಬೀದಿಯಲ್ಲಿ ನೀರು ಇಳಿಯುವ ಮೊದಲೇ ಬೇಸ್‌ಮೆಂಟಿನಲ್ಲಿ ಮೋಟಾರು ಹಾಕಲು ಹೋದ ಒಬ್ಬರಿಗೆ ಶಾಕ್ ತಗುಲಿ, ಅದೃಷ್ಟದಿಂದ ಬದುಕಿಕೊಂಡರು. ಬೀದಿಯ ವಿದ್ಯುತ್ ಕಡಿತವಾಗಿತ್ತು, ಕಟ್ಟಡದ ಜನರೇಟರ್ ತಾನಾಗಿ ಚಾಲೂ ಆಗಿತ್ತು. ಇದನ್ನು ಯಾರೂ ಯೋಚಿಸಿರುವುದಿಲ್ಲ.

ನಿವೃತ್ತ ಅಭಿಯಂತರ

ಹೊಣೆ ಯಾರದು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿದೆ, ಅದೇ ತೊಡಕು ಕೂಡ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಆದರೆ ನಗರದ ಕಾಲುವೆ, ಕೆಳಸೇತುವೆ, ಪಂಪು ಎಲ್ಲವೂ ಪಾಲಿಕೆಯ ಕೈಯಲ್ಲಿ; ದೋಣಿ ಅಗ್ನಿಶಾಮಕದವರಲ್ಲಿ; ವಿದ್ಯುತ್ ಬೇರೆಯವರಲ್ಲಿ. ನಗರದ ನೆರೆ ನದಿಯ ನೆರೆಗಿಂತ ಬೇರೆಯದೇ ಎಂದು ರಾಷ್ಟ್ರೀಯ ಪ್ರಾಧಿಕಾರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದ್ದು 2010ರಲ್ಲಿ. ರಾಜಧಾನಿಗಳಿಗೂ ದೊಡ್ಡ ನಗರಗಳಿಗೂ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ಕಾಯ್ದೆಯಲ್ಲೇ ಅವಕಾಶ ಬಂದದ್ದು 2025ರ ತಿದ್ದುಪಡಿಯಿಂದ, ಅಂದರೆ ಹದಿನೈದು ವರ್ಷದ ನಂತರ. ಅದೇ 2025ರ ಸೆಪ್ಟೆಂಬರಿನಲ್ಲಿ ನಮ್ಮ ಪಾಲಿಕೆ ಐದು ಪಾಲಿಕೆಗಳಾಯಿತು. ಕೇಂದ್ರ ಮತ್ತು ದಕ್ಷಿಣ ಭಾಗಗಳಲ್ಲಿ ಬಿದ್ದ ಮಳೆ ಪೂರ್ವ ಪಾಲಿಕೆಯ ಬೆಳ್ಳಂದೂರಿಗೆ ಬಂದು ಸೇರುತ್ತದೆ. ಮೇಲಿನವರ ಕಾಲುವೆ ತುಂಬಿತು ಎಂಬ ಸುದ್ದಿ ಕೆಳಗಿನವರಿಗೆ ರಾತ್ರಿ ಒಂದು ಗಂಟೆಗೆ ಯಾರಿಂದ ಯಾರಿಗೆ ಹೋಗುತ್ತದೆ? ನೇಮಿಸಿದ ಒಬ್ಬ ವ್ಯಕ್ತಿ, ಒಂದು ದೂರವಾಣಿ ಸಂಖ್ಯೆ ಇರಬೇಕು. ಮಾಪಕಗಳ ಬಗ್ಗೆ ತೆರಿಗೆದಾರರು ಕೇಳಿದ ಪ್ರಶ್ನೆಗೆ ಉತ್ತರವೂ ಇದೇ: ಮಾಪಕ ಅಳೆಯುತ್ತದೆ, ಬಾಗಿಲು ಬಡಿಯುವುದಿಲ್ಲ.

ರಕ್ಷಣಾ ವಾಹನದಲ್ಲಿದ್ದವನು

ಚೆನ್ನೈನವರು ಜನರೇಟರ್ ಬಗ್ಗೆ ಬರೆದದ್ದು ನೂರಕ್ಕೆ ನೂರು ನಿಜ. ನಾವು ಬೇಸ್‌ಮೆಂಟಿಗೆ ಇಳಿಯುವ ಮೊದಲು ಕೇಳುತ್ತಿದ್ದ ಮೊದಲ ಪ್ರಶ್ನೆ ಪ್ಯಾನೆಲ್ ಕೋಣೆಯ ಕೀಲಿ ಯಾರ ಬಳಿ ಇದೆ ಎಂಬುದು. ಹತ್ತರಲ್ಲಿ ಎಂಟು ಕಡೆ ಉತ್ತರ, ಮ್ಯಾನೇಜರ್ ಬಳಿ ಇದೆ, ಅವರು ಮನೆಗೆ ಹೋಗಿದ್ದಾರೆ. ತಮ್ಮ ಬಡಾವಣೆಯವರು ಏನಾದರೂ ಮಾಡುವುದಿದ್ದರೆ ದೋಣಿ ಕೊಳ್ಳಲು ಹೋಗಬೇಡಿ, ಅದು ಎರಡು ವರ್ಷದಲ್ಲಿ ಇಲಿಗಳ ಪಾಲಾಗುತ್ತದೆ. ಐವತ್ತು ಮೀಟರ್ ನೈಲಾನ್ ಹಗ್ಗ, ನಾಲ್ಕು ಬಿದಿರಿನ ಗಳ, ಹತ್ತು ತೇಲುಜಾಕೆಟ್, ಒಂದು ಕೈ ಮೈಕು ಇಡಿ. ಮನೆ ಸಂಖ್ಯೆಗಳನ್ನು ಮೊದಲ ಮಹಡಿಯ ಎತ್ತರದಲ್ಲಿ, ಟಾರ್ಚ್ ಬಿಟ್ಟರೆ ಹೊಳೆಯುವ ಬಣ್ಣದಲ್ಲಿ ಬರೆಸಿ. ಯಾರ ಮನೆಯಲ್ಲಿ ಆಮ್ಲಜನಕ, ಡಯಾಲಿಸಿಸ್, ತುಂಬು ಗರ್ಭಿಣಿ ಎಂಬ ಪಟ್ಟಿ ಹತ್ತಿರದ ಠಾಣೆಯ ಗೋಡೆಯ ಮೇಲಿರಲಿ. ಮೊಬೈಲಿನಲ್ಲಿರುವ ಪಟ್ಟಿ ಬ್ಯಾಟರಿ ಮುಗಿಯುವವರೆಗೆ ಮಾತ್ರ.

ಸರ್ಜಾಪುರ ರಸ್ತೆ ನಿವಾಸಿ

ಎಲ್ಲರಿಗೂ ಉತ್ತರಿಸಲು ತಡವಾಯಿತು, ಕ್ಷಮೆಯಿರಲಿ. ಕಳೆದ ಎರಡು ಭಾನುವಾರ ಈ ಪಟ್ಟಿಯ ಕೆಲಸದಲ್ಲೇ ಕಳೆದೆ.

ತೆರಿಗೆದಾರರೇ, ಹೊಣೆಯಿಂದ ಯಾರನ್ನೂ ಬಿಡುಗಡೆ ಮಾಡುವ ಉದ್ದೇಶ ನನಗಿಲ್ಲ. ನಗರ ಪ್ರಾಧಿಕಾರ, ರಾತ್ರಿಯ ದೂರವಾಣಿ, ಟ್ರ್ಯಾಕ್ಟರ್ ಮಾಲೀಕರಿಗೆ ಗೊತ್ತುಪಡಿಸಿದ ದರ, ಈ ಮೂರನ್ನು ಕೇಳಿ ಅರ್ಜಿ ಸಿದ್ಧಪಡಿಸಿದ್ದೇವೆ, ಸಹಿಗೆ ತಮ್ಮ ಮನೆಗೂ ಬರುತ್ತೇವೆ. ಕೋಡಿಹಳ್ಳದವರೇ, ತಮ್ಮ ಚಿಕ್ಕಪ್ಪನವರು ಒಪ್ಪಿದರೆ ಒಂದು ಬೆಳಿಗ್ಗೆ ನಮ್ಮೊಡನೆ ನಡೆದು, ಕಾಲುವೆ ಎಲ್ಲೆಲ್ಲಿ ಬಾಗುತ್ತದೆ ಎಂದು ತೋರಿಸಬೇಕು. ಹೋದಲ್ಲೆಲ್ಲ ಆಳೆತ್ತರದ ಕಂಬ ನೆಟ್ಟು ಕೆಂಪು ಬಳಿಯುವ ಯೋಚನೆಯಿದೆ. ಹುಣಸೆ ಮರ ಇನ್ನೂ ಇದೆಯೇ? ರಸ್ತೆ ಅಗಲಿಸುವಾಗ ಅದಕ್ಕೂ ಗುರುತು ಹಾಕಿದ್ದರೆಂದು ಯಾರೋ ಹೇಳಿದರು.

ಶಿಕ್ಷಕಿಯವರ ಮಾತಿನ ನಂತರ ಗೋಡೆಯ ಆಚೆಗೂ ಹೋಗಿದ್ದೆವು. ಆ ಶೆಡ್ಡುಗಳು ಈಗಿಲ್ಲ, ಕೆಲಸ ಮುಗಿದ ಮೇಲೆ ಆ ಮಂದಿ ಬೇರೆ ಕಡೆಗೆ ಹೋದರಂತೆ. ಅದರ ಪಕ್ಕದ ನಿವೇಶನದಲ್ಲಿ ಹೊಸದಾಗಿ ಹದಿನಾಲ್ಕು ಶೆಡ್ಡುಗಳು ಎದ್ದಿವೆ, ಕಾಲುವೆಗೆ ಇನ್ನೂ ಹತ್ತಿರ. ಅವರ ಮೇಸ್ತ್ರಿಯ ಸಂಖ್ಯೆ ಪಡೆದಿದ್ದೇವೆ, ನಮ್ಮ ಕ್ಲಬ್‌ಹೌಸಿನ ಮೇಲ್ಮಹಡಿಯನ್ನು ಮಳೆಯ ರಾತ್ರಿಗಳಲ್ಲಿ ಅವರಿಗೂ ತೆರೆದಿಡಬೇಕೆಂಬ ಪ್ರಸ್ತಾಪ ಸಂಘದ ಸಭೆಯಲ್ಲಿ ಪರವಾಗಿ ಹನ್ನೊಂದು, ವಿರುದ್ಧವಾಗಿ ಒಂಬತ್ತು ಮತಗಳೊಂದಿಗೆ ಅಂಗೀಕಾರವಾಯಿತು. ಒಂಬತ್ತು ಜನ ಏಕೆ ವಿರೋಧಿಸಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಪ್ಯಾನೆಲ್ ಕೋಣೆಯ ಕೀಲಿ ನಮ್ಮಲ್ಲೂ ಮ್ಯಾನೇಜರ್ ಬಳಿಯೇ ಇತ್ತು. ಈಗ ಒಂದು ನಕಲು ಕಾವಲುಗಾರರ ಕೋಣೆಯ ಮೊಳೆಗೆ ತೂಗುಹಾಕಿದೆ. ಆ ರಾತ್ರಿ ಬಾಗಿಲು ಬಡಿದವನೇ ಈಗಲೂ ರಾತ್ರಿ ಪಾಳಿಯಲ್ಲಿದ್ದಾನೆ. ನಮ್ಮ ತಾಯಿಯ ಮನೆ ಸಂಖ್ಯೆಯನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಲು ಹೋದಾಗ ಅವನು ತಡೆದು, ‘ಅದು ನನಗೆ ಗೊತ್ತು ಸರ್, ಹಿಂದಿನ ಬೀದಿಯ ಅಜ್ಜನದನ್ನು ಮೊದಲು ಬರೆಯಿರಿ, ಅವರಿಗೆ ಕಿವಿ ಕೇಳಿಸುವುದಿಲ್ಲ’ ಎಂದ.